ಕೈತೋಟದ ಸಲಕರಣೆಗಳು: ಆಯ್ಕೆ ಮತ್ತು ಖರೀದಿ

ವಸಂತ ಋತು ನಿಮಗೆ ಪರೀಕ್ಷೆ ಮುಗಿಯುವ ಕಾಲ. ಮಣ್ಣಿನ ಕೆಲಸ ಮಾಡುವವರಿಗೆ ನೆಲ ಸಿದ್ಧಪಡಿಸುವ ಕಾಲ. ಏಪ್ರಿಲ್ ತಿಂಗಳ ನಡುವಿನಿಂದ ಅಶ್ವಿನಿ, ಭರಣಿ, ಕೃತ್ತಿಕೆ ಮಳೆಗಳು ಒಂದರ ಹಿಂದೊಂದು ಬರುತ್ತವೆ. ಒಂದು ಹದ ಮಳೆ ಬಿದ್ದು ನೆಲ ಮೆತ್ತಗಾಯಿತೆಂದರೆ ಮನೆಯ ಹಿತ್ತಿಲಲ್ಲಾಗಲಿ ಶಾಲೆಯ ಅಂಗಳದಲ್ಲಾಗಲಿ ಒಂದು ಕೈತೋಟ ಮಾಡಬೇಕೆಂಬ ಆಸೆ ಹುಟ್ಟುವುದು ಸಹಜ. ರಜೆಯೂ ಇರುತ್ತದೆ. ಆ ಉತ್ಸಾಹದಲ್ಲಿ ನಾವು ನೇರವಾಗಿ ಅಂಗಡಿಗೆ ಹೋಗುತ್ತೇವೆ. ಅಲ್ಲಿ ಕಣ್ಣಿಗೆ ಚೆಂದ ಕಂಡದ್ದನ್ನೆಲ್ಲ ಕೊಳ್ಳುತ್ತೇವೆ.

ಇಂದಿನ ಮಾತಿನ ತಿರುಳನ್ನು ಮೊದಲೇ ಹೇಳಿಬಿಡುತ್ತೇನೆ. ಕೈತೋಟಕ್ಕೆ ಬೇಕಾದ ವಸ್ತುಗಳು ಕೆಲವೇ. ಆ ಕೆಲವನ್ನು ಪರೀಕ್ಷಿಸಿ ಕೊಳ್ಳಬೇಕು. ಲೋಹದ ವಸ್ತುವನ್ನು ಕಣ್ಣು, ಕಿವಿ, ಕೈಗಳಿಂದ ಪರೀಕ್ಷಿಸಬಹುದು. ಆದರೆ ಬೀಜ, ಗೊಬ್ಬರ, ಔಷಧಿಗಳನ್ನು ನೋಡಿ ತಿಳಿಯಲಾಗದು. ಅವುಗಳ ಚೀಟಿಯನ್ನು ಓದಿಯೇ ತಿಳಿಯಬೇಕು. ಅನೇಕ ಮನೆಗಳಲ್ಲಿ ಆ ಚೀಟಿಯನ್ನು ಓದಬಲ್ಲವರು ನೀವೊಬ್ಬರೇ. ಆದ್ದರಿಂದ ಈ ಖರೀದಿಯಲ್ಲಿ ನಿಮ್ಮ ಜವಾಬ್ದಾರಿ ದೊಡ್ಡದು.

ಮೊದಲು ಅಳತೆ. ಅಂಗಡಿಗೆ ಹೋಗುವ ಮುನ್ನ ಟೇಪು ಹಿಡಿದು ನೆಲವನ್ನು ಅಳೆಯಿರಿ. ನಿಮ್ಮ ಜಾಗ ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ ಎಂದಿಟ್ಟುಕೊಳ್ಳೋಣ. ಅದು 100 ಚದರ ಅಡಿ, ಅಂದರೆ ಸುಮಾರು 9.3 ಚದರ ಮೀಟರ್. ಈ ಒಂದು ಅಂಕಿ ನಿಮ್ಮ ಕೈಯಲ್ಲಿದ್ದರೆ ಗೊಬ್ಬರ ಎಷ್ಟು, ಬೀಜ ಎಷ್ಟು, ನೀರು ಎಷ್ಟು ಎಂಬುದನ್ನೆಲ್ಲ ನೀವೇ ಲೆಕ್ಕ ಹಾಕಬಹುದು. ಅಂಗಡಿಯವರನ್ನು ಕೇಳಬೇಕಾಗಿಲ್ಲ.

ಇಷ್ಟು ಜಾಗಕ್ಕೆ ಬೇಕಾದ ಸಲಕರಣೆಗಳು ಐದು. ಅಗೆಯಲು ಒಂದು ಗುದ್ದಲಿ, ಕಳೆ ತೆಗೆಯಲು ಒಂದು ಕುರ್ಪಿ, ಮಣ್ಣು ಗೊಬ್ಬರ ಹೊರಲು ಒಂದು ಬುಟ್ಟಿ, ನೀರು ಹಾಕಲು ಜಾಲರಿ ಮೂತಿಯ ಒಂದು ಕ್ಯಾನು, ಗಿಡ ಸವರಲು ಒಂದು ಕತ್ತರಿ. ಹಾರೆ, ಪಿಕಾಸಿಗಳು ಬೇಕಾಗುವುದು ವರ್ಷಕ್ಕೆ ಒಂದೆರಡು ದಿನ ಮಾತ್ರ. ಅವನ್ನು ನೆರೆಮನೆಯವರಿಂದ ಕೇಳಿ ತಂದು, ಕೆಲಸವಾದ ಮೇಲೆ ತೊಳೆದು ಹಿಂತಿರುಗಿಸಿದರೆ ಸಾಕು.

ಈಗ ಗುದ್ದಲಿಯನ್ನು ನೋಡೋಣ. ನಿಮ್ಮ ಊರಿನಲ್ಲಿ ಇದನ್ನು ಸನಿಕೆ ಎನ್ನಬಹುದು, ಸಲಿಕೆ ಎನ್ನಬಹುದು, ಪರೀಕ್ಷೆ ಒಂದೇ. ಅದರ ಬಾಯಿ ಗಟ್ಟಿಯಾಗಿರಬೇಕು. ಕಬ್ಬಿಣದಲ್ಲಿ ಇಂಗಾಲದ ಅಂಶ ಶೇಕಡಾ 0.25ಕ್ಕಿಂತ ಕಡಿಮೆಯಿದ್ದರೆ ಅದು ಮೆತ್ತನೆಯ ಉಕ್ಕು. ಅದನ್ನು ಎಷ್ಟು ಕಾಯಿಸಿ ನೀರಿನಲ್ಲಿ ಅದ್ದಿದರೂ ಅಷ್ಟಾಗಿ ಗಟ್ಟಿಯಾಗದು. ಶೇಕಡಾ 0.6ರಿಂದ 0.8ರಷ್ಟು ಇಂಗಾಲವಿರುವ ಉಕ್ಕು ಕಾಯಿಸಿ ಅದ್ದಿದರೆ ಗಟ್ಟಿಯಾಗುತ್ತದೆ, ಅಂಚು ಬೇಗ ಸವೆಯುವುದಿಲ್ಲ. ನಮ್ಮ ಕಮ್ಮಾರರು ಕುಡುಗೋಲು, ಮಚ್ಚುಗಳಿಗೆ ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯನ್ನು ಹುಡುಕುವುದು ಇದೇ ಕಾರಣಕ್ಕೆ. ರಸಾಯನಶಾಸ್ತ್ರದ ಪುಸ್ತಕ ಓದದೆಯೂ ಅವರು ಬಲ್ಲ ವಿದ್ಯೆ ಇದು.

ಅಂಗಡಿಯಲ್ಲಿ ಇದನ್ನು ತಿಳಿಯುವುದು ಹೇಗೆ? ಒಂದು ಸಣ್ಣ ಅರ ಕೇಳಿ ಪಡೆದು ಅಂಚಿನ ಮೇಲೆ ಮೆಲ್ಲಗೆ ಎಳೆಯಿರಿ. ಅರ ಸುಲಭವಾಗಿ ಕಚ್ಚಿ ಪುಡಿ ಉದುರಿದರೆ ಅಂಚು ಮೆತ್ತಗಿದೆ, ಜಾರಿದಂತಾದರೆ ಗಟ್ಟಿಯಿದೆ. ಇನ್ನು ಕಿವಿಯ ಪರೀಕ್ಷೆ. ಅಲಗನ್ನು ಬೆರಳಿನಿಂದ ತೂಗುಹಾಕಿ ಹಿಡಿದು ಒಂದು ಮೊಳೆಯಿಂದ ತಟ್ಟಿ. ಗಂಟೆಯಂತೆ ನಾದ ಬಂದರೆ ಸರಿ. ಒಡಕು ದನಿ ಬಂದರೆ ಎಲ್ಲೋ ಬಿರುಕಿದೆ. ಬಣ್ಣ ದಪ್ಪವಾಗಿ ಬಳಿದಿದ್ದರೆ ಬಿರುಕು ಕಣ್ಣಿಗೆ ಕಾಣದು, ಆದರೆ ಕಿವಿಗೆ ಕೇಳಿಸುತ್ತದೆ.

ತೂಕ ಹೆಚ್ಚಿದಷ್ಟೂ ಒಳ್ಳೆಯ ಗುದ್ದಲಿ ಎಂಬ ನಂಬಿಕೆಯಿದೆ. ಸ್ವಲ್ಪ ಲೆಕ್ಕ ಮಾಡಿ. ನಿಮಿಷಕ್ಕೆ ಇಪ್ಪತ್ತು ಸಲದಂತೆ ಅರ್ಧ ಗಂಟೆ ಅಗೆದರೆ ನೀವು ಗುದ್ದಲಿಯನ್ನು 600 ಸಲ ಎತ್ತುತ್ತೀರಿ. ಗುದ್ದಲಿ ಅರ್ಧ ಕಿಲೋ ಹಗುರವಾಗಿದ್ದರೆ ಒಟ್ಟು 300 ಕಿಲೋ ಎತ್ತುವ ಶ್ರಮ ಉಳಿಯಿತು. ಎಂಟನೆಯ ತರಗತಿಯ ಹುಡುಗಿಗೂ ಗಾರೆ ಕೆಲಸದ ಆಳಿಗೂ ಒಂದೇ ಗುದ್ದಲಿ ಹೊಂದುವುದಿಲ್ಲ. ಯಾರು ಅಗೆಯುವವರೋ ಅವರೇ ಹೋಗಿ, ಎತ್ತಿ ನೋಡಿ ಕೊಳ್ಳಬೇಕು.

ಗುದ್ದಲಿಯ ಅಲಗನ್ನು ಸಾಮಾನ್ಯವಾಗಿ ಕಾವಿಲ್ಲದೆಯೇ ಮಾರುತ್ತಾರೆ. ಕಾವಿಗೆ ಜಾಲಿ, ತಡಸಲು ಮುಂತಾದ ಗಟ್ಟಿ ಮರಗಳು ಒಳ್ಳೆಯವು. ಮರದ ಎಳೆಗಳು ಕಾವಿನ ಉದ್ದಕ್ಕೆ ನೇರವಾಗಿ ಸಾಗಿರಬೇಕು. ಅಡ್ಡಡ್ಡ ಹೋಗಿದ್ದರೆ ಅಥವಾ ನಡುವೆ ಗಂಟಿದ್ದರೆ ಅಲ್ಲಿಯೇ ಮುರಿಯುತ್ತದೆ. ಬಣ್ಣ ಬಳಿದ ಕಾವನ್ನು ಕೊಳ್ಳಬೇಡಿ. ಬಣ್ಣದ ಕೆಳಗೆ ಗಂಟು ಅಡಗಿರಬಹುದು. ಕಾವು ಅಲಗಿನ ಕಣ್ಣಿನಲ್ಲಿ ಬಿಗಿಯಾಗಿ ಕುಳಿತು, ಬೆಣೆ ಬಡಿದಿರಬೇಕು. ಸಡಿಲವಾದ ಕಾವನ್ನು ನೀರಿನಲ್ಲಿ ನೆನೆಸಿ ಬಿಗಿ ಮಾಡುವ ರೂಢಿಯಿದೆ. ನೆನೆದ ಮರ ಉಬ್ಬುವುದು ನಿಜ, ಆದರೆ ಒಣಗಿದ ಮೇಲೆ ಮತ್ತೆ ಕುಗ್ಗುತ್ತದೆ. ಆಗ ಬೀಸಿದ ಅಲಗು ಹಾರಿ ಎದುರಿನವರ ಕಾಲಿಗೆ ಬೀಳಬಹುದು. ಅನೇಕ ಮಕ್ಕಳು ಜೊತೆಯಾಗಿ ಕೆಲಸ ಮಾಡುವ ಶಾಲಾ ತೋಟದಲ್ಲಿ ಈ ಎಚ್ಚರಿಕೆ ಅತ್ಯಗತ್ಯ.

ಕತ್ತರಿಯ ಪರೀಕ್ಷೆ ಸುಲಭ. ಜೇಬಿನಲ್ಲಿ ಒಂದು ಹಾಳೆ ಇಟ್ಟುಕೊಂಡು ಹೋಗಿ. ಅದನ್ನು ಹರಿಯದೆ, ಮಡಚದೆ ತುದಿಯವರೆಗೂ ಕತ್ತರಿಸಿದರೆ ಅಲಗುಗಳು ಸರಿಯಾಗಿ ಕೂಡಿವೆ ಎಂದರ್ಥ. ಮೊಂಡು ಕತ್ತರಿ ಕೊಂಬೆಯನ್ನು ಜಜ್ಜುತ್ತದೆ. ಜಜ್ಜಿದ ಜಾಗದಲ್ಲಿ ರೋಗ ಸೇರುತ್ತದೆ.

ನೀರಿನ ಕ್ಯಾನಿನ ಗಾತ್ರವನ್ನೂ ಲೆಕ್ಕದಿಂದಲೇ ನಿರ್ಧರಿಸಬಹುದು. ಒಂದು ಚದರ ಮೀಟರ್ ಮೇಲೆ ಒಂದು ಲೀಟರ್ ನೀರು ಹರಡಿದರೆ ಅದು ಒಂದು ಮಿಲಿಮೀಟರ್ ಮಳೆಗೆ ಸಮ. ಬೇಸಿಗೆಯ ದಿನಕ್ಕೆ ಐದು ಮಿಲಿಮೀಟರ್ ಎಂದುಕೊಂಡರೆ ನಮ್ಮ 9.3 ಚದರ ಮೀಟರಿಗೆ ದಿನಕ್ಕೆ ಸುಮಾರು 46 ಲೀಟರ್ ಬೇಕು. ಹತ್ತು ಲೀಟರಿನ ಕ್ಯಾನಾದರೆ ಐದು ಸುತ್ತು. ಆದರೆ ತುಂಬಿದ ಆ ಕ್ಯಾನು ಹತ್ತು ಕಿಲೋಗೂ ಹೆಚ್ಚು ತೂಗುತ್ತದೆ. ಚಿಕ್ಕವರಿಗೆ ಐದು ಲೀಟರಿನದೇ ಸರಿ. ಅಷ್ಟು ನೀರು ನಿಮ್ಮಲ್ಲಿ ಇಲ್ಲವೆಂದಾದರೆ ತೋಟವನ್ನು ಅರ್ಧಕ್ಕೆ ಇಳಿಸಿ. ಇಡೀ ತೋಟ ಬಾಡುವುದಕ್ಕಿಂತ ಅರ್ಧ ತೋಟ ಹಸುರಾಗಿರುವುದು ಮೇಲು.

ಇನ್ನು ಗೊಬ್ಬರ. ತರಕಾರಿ ಬೆಳೆಗಳಿಗೆ ಹೆಕ್ಟೇರಿಗೆ 25 ಟನ್ ಕೊಟ್ಟಿಗೆ ಗೊಬ್ಬರ ಎಂಬುದು ಸಾಮಾನ್ಯವಾದ ಶಿಫಾರಸು. ಒಂದು ಹೆಕ್ಟೇರೆಂದರೆ 10,000 ಚದರ ಮೀಟರ್. ಹಾಗಾಗಿ ಒಂದು ಚದರ ಮೀಟರಿಗೆ ಎರಡೂವರೆ ಕಿಲೋ, ನಮ್ಮ ಜಾಗಕ್ಕೆ ಸುಮಾರು 23 ಕಿಲೋ. ಒಂದು ಚೀಲ ಸಾಕು. ಚೀಲದೊಳಗೆ ಕೈಯಿಟ್ಟು ನೋಡಿ. ಬಿಸಿಯಾಗಿದ್ದರೆ, ಸಗಣಿಯ ವಾಸನೆಯಿದ್ದರೆ ಅದಿನ್ನೂ ಕಳಿತಿಲ್ಲ. ಅಂಥ ಗೊಬ್ಬರ ಗೆದ್ದಲನ್ನೂ ಗೊಣ್ಣೆಹುಳುವನ್ನೂ ಕರೆತರುತ್ತದೆ. ಕಳಿತ ಗೊಬ್ಬರ ಕಪ್ಪಾಗಿ, ಉದುರುದುರಾಗಿ, ಮಳೆ ಬಿದ್ದ ಮಣ್ಣಿನ ವಾಸನೆ ಬೀರುತ್ತದೆ.

ರಾಸಾಯನಿಕ ಗೊಬ್ಬರದ ಚೀಲದ ಮೇಲೆ 17:17:17 ಅಥವಾ 19:19:19 ಎಂಬಂಥ ಮೂರು ಅಂಕಿಗಳನ್ನು ನೀವು ಕಂಡಿರಬಹುದು. ಅವು ಕ್ರಮವಾಗಿ ಸಾರಜನಕ, ರಂಜಕ, ಪೊಟ್ಯಾಷ್‌ಗಳ ಶೇಕಡಾ ಪ್ರಮಾಣ. 50 ಕಿಲೋ ತೂಕದ 17:17:17ರ ಚೀಲದಲ್ಲಿ ಮೂರೂ ಪೋಷಕಾಂಶಗಳು ಎಂಟೂವರೆ ಕಿಲೋದಷ್ಟಿರುತ್ತವೆ. ಎರಡು ಗೊಬ್ಬರಗಳ ಬೆಲೆ ಹೋಲಿಸುವಾಗ ಚೀಲದ ಬೆಲೆಯ ಜೊತೆಗೆ ಈ ಅಂಕಿಗಳನ್ನೂ ನೋಡಬೇಕು. ಯಾವ ಅಂಕಿಯೂ ಇಲ್ಲದೆ ಬಣ್ಣದ ಚಿತ್ರ ಮಾತ್ರ ಇರುವ ಗಿಡಗಳ ಟಾನಿಕ್ಕಿನ ಬಾಟಲಿಯನ್ನು ಅಲ್ಲೇ ಬಿಟ್ಟುಬನ್ನಿ.

ಈಗ ಎಲ್ಲಕ್ಕಿಂತ ಮುಖ್ಯವಾದ ಬೀಜದ ವಿಷಯ. ಗುದ್ದಲಿ ಕೆಟ್ಟದಾದರೆ ಬದಲಾಯಿಸಬಹುದು. ಬೀಜ ಕೆಟ್ಟದಾದರೆ ಒಂದು ಋತುವೇ ಕಳೆದುಹೋಗುತ್ತದೆ. ಆದ್ದರಿಂದಲೇ ನಮ್ಮ ದೇಶದಲ್ಲಿ 1966ರಲ್ಲಿ ಬೀಜ ಕಾಯ್ದೆಯನ್ನು ರೂಪಿಸಲಾಯಿತು. ಪ್ರಮಾಣಿತ ಬೀಜದ ಚೀಲಕ್ಕೆ ನೀಲಿ ಚೀಟಿ ಕಟ್ಟಿರುತ್ತಾರೆ. ಪ್ರಮಾಣೀಕರಣವಿಲ್ಲದೆ ಉತ್ಪಾದಕರೇ ಗುಣಮಟ್ಟಕ್ಕೆ ಹೊಣೆ ಹೊತ್ತು ಮಾರುವ ಬೀಜಕ್ಕೆ ಹಸುರು ಚೀಟಿ ಇರುತ್ತದೆ. ಚೀಟಿಯಲ್ಲಿ ತಳಿಯ ಹೆಸರು, ಲಾಟ್ ಸಂಖ್ಯೆ, ಮೊಳಕೆಯ ಪ್ರಮಾಣ, ಶುದ್ಧತೆ, ಪರೀಕ್ಷೆಯ ದಿನಾಂಕ, ಎಲ್ಲಿಯವರೆಗೆ ಬಳಸಬಹುದು ಎಂಬ ವಿವರಗಳಿರುತ್ತವೆ. ಕೊನೆಯ ದಿನಾಂಕವನ್ನು ಓದದೆ ಹಣ ಕೊಡಬೇಡಿ.

ಪ್ರಮಾಣಿತ ಬೀಜದ ಕನಿಷ್ಠ ಮೊಳಕೆ ಟೊಮೇಟೊ, ಬದನೆಗಳಿಗೆ ಶೇಕಡಾ 70, ಬೆಂಡೆಗೆ 65, ಮೆಣಸಿನಕಾಯಿಗೆ 60. ಅಂದರೆ ನೂರು ಬೆಂಡೆ ಬೀಜ ಹಾಕಿ ಎಪ್ಪತ್ತು ಮೊಳೆತರೆ ಅದು ಒಳ್ಳೆಯ ಬೀಜವೇ. ಹಾಗೆಯೇ ಎಷ್ಟು ಬೀಜ ಬೇಕೆಂದೂ ನೋಡಿ. ಸಾಲಿನಿಂದ ಸಾಲಿಗೆ 60, ಗಿಡದಿಂದ ಗಿಡಕ್ಕೆ 30 ಸೆಂಟಿಮೀಟರ್ ಅಂತರವಿಟ್ಟರೆ ನಮ್ಮ ಜಾಗದ ಅರ್ಧ ಭಾಗದಲ್ಲಿ ಸುಮಾರು 25 ಬೆಂಡೆ ಗಿಡಗಳು ಹಿಡಿಯುತ್ತವೆ. ಗುಣಿಗೆ ಎರಡರಂತೆ 50 ಬೀಜ ಬೇಕು. ಹತ್ತು ಗ್ರಾಮಿನ ಪೊಟ್ಟಣ ಧಾರಾಳ. ಮನೆಗೆ ತಂದ ಮೇಲೆ 20 ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಒಂದು ವಾರದ ನಂತರ ಎಷ್ಟು ಮೊಳೆತಿವೆ ಎಂದು ಎಣಿಸಿ. ಚೀಟಿಯ ಮಾತು ನಿಜವೇ ಎಂದು ತಿಳಿಯಲು ಈ ಸಣ್ಣ ಪ್ರಯೋಗ ಸಾಕು.

ತಳಿ ಮತ್ತು ಸಂಕರಣ ಬೀಜಗಳ ವ್ಯತ್ಯಾಸವನ್ನೂ ತಿಳಿದಿರಬೇಕು. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ಬೆಳೆಗಳ ಹೆಸರು ‘ಅರ್ಕಾ’ ಎಂದು ಆರಂಭವಾಗುತ್ತದೆ. ಅರ್ಕಾ ಅನಾಮಿಕ ಬೆಂಡೆ, ಅರ್ಕಾ ವಿಕಾಸ್ ಟೊಮೇಟೊ ಇವು ತಳಿಗಳು. ಒಳ್ಳೆಯ ಗಿಡದ ಬೀಜವನ್ನು ಮುಂದಿನ ವರ್ಷಕ್ಕೆ ಎತ್ತಿಡಬಹುದು. ಅರ್ಕಾ ರಕ್ಷಕ್ ಟೊಮೇಟೊ ಸಂಕರಣ. ಅದರ ಬೀಜ ಎತ್ತಿಟ್ಟು ಬಿತ್ತಿದರೆ ಗಿಡಗಳು ಒಂದೊಂದು ತರಹ ಬರುತ್ತವೆ. ಪ್ರತಿ ವರ್ಷ ಹೊಸದಾಗಿ ಕೊಳ್ಳುವ ಅನುಕೂಲ ಇಲ್ಲದವರು ತಳಿಯನ್ನೇ ಆರಿಸಿಕೊಳ್ಳುವುದು ಒಳ್ಳೆಯದು. ಗುಲಾಬಿ, ಹಸುರು ಬಣ್ಣದ ಪುಡಿ ಹಚ್ಚಿದ ಬೀಜಕ್ಕೆ ವಿಷೋಪಚಾರ ಆಗಿರುತ್ತದೆ. ಉಳಿದರೆ ಅದನ್ನು ಅಡುಗೆಮನೆಯಲ್ಲಿ ಇಡಬೇಡಿ, ಕೋಳಿಗೂ ಹಾಕಬೇಡಿ.

ಇಷ್ಟು ಹೇಳಿದ ಮೇಲೆ ಕೀಟನಾಶಕದ ಮಾತು ಬಂದೇ ಬರುತ್ತದೆ. ಪ್ರತಿಯೊಂದು ಕೀಟನಾಶಕದ ಡಬ್ಬದ ಮೇಲೆ ವಜ್ರಾಕೃತಿಯ ಒಂದು ಗುರುತಿರುತ್ತದೆ. ಅದರಲ್ಲಿ ಕೆಂಪು ಬಣ್ಣವಿದ್ದರೆ ಅತಿ ಘೋರ ವಿಷ, ಹಳದಿಯಿದ್ದರೆ ಘೋರ ವಿಷ, ನೀಲಿಯಿದ್ದರೆ ಮಧ್ಯಮ, ಹಸುರಿದ್ದರೆ ಸ್ವಲ್ಪ. ಹಸುರೆಂದರೆ ನಿರಪಾಯ ಎಂದು ಭಾವಿಸಬೇಡಿ, ಅದೂ ವಿಷವೇ. ದಕ್ಷಿಣ ಕನ್ನಡದ ಕೊಕ್ಕಡದ ಸುತ್ತಿನ ಹಳ್ಳಿಗಳಲ್ಲಿ ಗೇರು ತೋಟಗಳ ಮೇಲೆ ಎಂಡೋಸಲ್ಫಾನ್ ಸಿಂಪಡಿಸಿದ್ದರ ನೋವನ್ನು ಅಲ್ಲಿನ ಕುಟುಂಬಗಳು ಇಂದಿಗೂ ಉಣ್ಣುತ್ತಿವೆ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದರ ತಯಾರಿಕೆ, ಮಾರಾಟಗಳನ್ನು ತಡೆಯಿತು. ಮನೆಯ ಕೈತೋಟಕ್ಕೆ ಇಂಥ ಯಾವ ಡಬ್ಬವೂ ಬೇಕಾಗಿಲ್ಲ. ಒಂದು ಲೀಟರ್ ನೀರಿಗೆ 50 ಗ್ರಾಮ್ ಬೇವಿನ ಬೀಜದ ತಿರುಳಿನ ಪುಡಿಯನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಸೋಸಿ ಸಿಂಪಡಿಸಿದರೆ ಅನೇಕ ಹುಳುಗಳು ಹತೋಟಿಗೆ ಬರುತ್ತವೆ. ಆದರೆ ನಿಮ್ಮ ತಂದೆಯವರೋ ಚಿಕ್ಕಪ್ಪನವರೋ ಹೊಲಕ್ಕೆ ಡಬ್ಬ ತಂದಿದ್ದರೆ, ಆ ಬಣ್ಣದ ಅರ್ಥವನ್ನು ಅವರಿಗೆ ಓದಿ ಹೇಳುವುದು ನಿಮ್ಮ ಕರ್ತವ್ಯ. ಸಣ್ಣ ಅಕ್ಷರದಲ್ಲಿ ಮುದ್ರಿಸಿರುವ ಎಚ್ಚರಿಕೆಗಳನ್ನೂ ಓದಿ ಹೇಳಿ.

ಕೊನೆಯದಾಗಿ ರಸೀದಿ. ‘ಬಿಲ್ಲು ಬೇಡ, ಎರಡು ರೂಪಾಯಿ ಬಿಡುತ್ತೇನೆ’ ಎಂಬ ಮಾತಿಗೆ ಮರುಳಾಗಬೇಡಿ. 1983ರ ಬೀಜ ನಿಯಂತ್ರಣ ಆದೇಶದ ಪ್ರಕಾರ ಬೀಜ ಮಾರುವವರು ರಸೀದಿ ಕೊಡಲೇಬೇಕು. ಬೀಜ ಕೊಂಡ ರೈತನೂ ಗ್ರಾಹಕನೇ, ಆತ ಗ್ರಾಹಕ ವೇದಿಕೆಗೆ ಹೋಗಬಹುದು ಎಂದು ಸರ್ವೋಚ್ಚ ನ್ಯಾಯಾಲಯ 2012ರಲ್ಲಿ ತೀರ್ಪಿತ್ತಿದೆ. ಆದರೆ ಕೈಯಲ್ಲಿ ರಸೀದಿ ಇಲ್ಲದಿದ್ದರೆ ಆ ಹಕ್ಕನ್ನು ಸಾಧಿಸುವುದು ಬಲು ಕಷ್ಟ. ರಸೀದಿಯನ್ನೂ ಖಾಲಿ ಪೊಟ್ಟಣವನ್ನೂ, ಅದರ ಜೊತೆಗೆ ಒಂದೆರಡು ಚಿಟಿಕೆ ಬೀಜವನ್ನೂ ಬೆಳೆ ಕೈಗೆ ಬರುವವರೆಗೆ ಜೋಪಾನವಾಗಿಡಿ.

ಕೊಂಡ ಸಲಕರಣೆಗಳನ್ನು ಉಳಿಸಿಕೊಳ್ಳುವುದೂ ಖರೀದಿಯ ಒಂದು ಭಾಗವೇ. ಕೆಲಸವಾದ ಕೂಡಲೇ ಮಣ್ಣು ತೊಳೆದು, ಒರೆಸಿ, ಅಲಗಿಗೆ ಒಂದು ಹನಿ ಎಣ್ಣೆ ಸವರಿ ನೆರಳಿನಲ್ಲಿ ತೂಗುಹಾಕಿ. ಇಷ್ಟು ಮಾಡಿದರೆ ಈ ವಸಂತದಲ್ಲಿ ಕೊಂಡ ಗುದ್ದಲಿಯನ್ನು ನಿಮ್ಮ ತಮ್ಮ ತಂಗಿಯರೂ ಬಳಸುತ್ತಾರೆ.

ಈ ಬಾರಿ ಅಂಗಡಿಗೆ ಹೋಗುವಾಗ ಒಂದು ಚೀಟಿಯಲ್ಲಿ ನಿಮ್ಮ ನೆಲದ ಅಳತೆ ಬರೆದುಕೊಂಡು ಹೋಗಿ. ಮನೆಯ ಹಿರಿಯರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಕಾವು, ಅಲಗುಗಳ ಹದ ಅವರಿಗೆ ಗೊತ್ತಿರುತ್ತದೆ. ಪೊಟ್ಟಣದ ಮೇಲಿನ ಅಕ್ಷರ ನಿಮಗೆ ಗೊತ್ತಿರುತ್ತದೆ. ಎರಡು ತಿಳಿವಳಿಕೆಗಳೂ ಸೇರಿದರೆ ನಿಮ್ಮ ಹಣವೂ ಉಳಿಯುತ್ತದೆ, ತೋಟವೂ ಬೆಳೆಯುತ್ತದೆ.