ಗಾಳಿಗೂ ತೂಕವುಂಟು, ಗಾಳಿಯೂ ಹರಿಯುತ್ತದೆ

(ಗ್ರಾಮ ನಾಯಕರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ನಿಮಗಿರುವ ಸಂಶಯಗಳನ್ನು ಚೀಟಿಯಲ್ಲಿ ಬರೆದುಕೊಡಿರೆಂದು ಶಿಬಿರದ ಮೊದಲ ದಿನ ಕೇಳಿದ್ದೆವು. ಬಂದ ಚೀಟಿಗಳಲ್ಲಿ ನೀರು, ಗಾಳಿ, ಹೊಗೆ, ಗ್ಯಾಸು ಇವುಗಳನ್ನು ಕುರಿತವೇ ಹೆಚ್ಚು. ಬೇಸಿಗೆಯಲ್ಲಿ ಪಂಪು ನೀರೆತ್ತುವುದನ್ನು ನಿಲ್ಲಿಸುವುದೇಕೆ? ಹಾಳು ಬಾವಿಗೆ ಇಳಿದವರು ಪ್ರಜ್ಞೆ ತಪ್ಪುವುದೇಕೆ? ಗ್ಯಾಸು ಸೋರಿದಾಗ ಕಿಟಕಿ ತೆರೆದರೆ ಸಾಲದೆ? ಮೇಲುನೋಟಕ್ಕೆ ಇವು ಬೇರೆ ಬೇರೆ ಪ್ರಶ್ನೆಗಳು. ಆದರೆ ಎಲ್ಲಕ್ಕೂ ಬೇರು ಒಂದೇ. ಗಾಳಿ ಎಂಬುದು ಬರಿದಲ್ಲ, ಅದೊಂದು ವಸ್ತು. ಅದಕ್ಕೆ ತೂಕವಿದೆ. ನೀರಿನಂತೆಯೇ ಅದು ಹರಿಯುತ್ತದೆ, ಒತ್ತುತ್ತದೆ, ತಗ್ಗಿನಲ್ಲಿ ನಿಲ್ಲುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಅಷ್ಟೆ. ಈ ಒಂದು ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡವನು ಪಂಪಿನ ಖರ್ಚನ್ನೂ ಉಳಿಸಬಲ್ಲನು, ಪ್ರಾಣವನ್ನೂ ಉಳಿಸಬಲ್ಲನು.

ಗಾಳಿ ವಸ್ತುವೆಂಬುದನ್ನು ಮನೆಯಲ್ಲಿಯೇ ನೋಡಬಹುದು. ಒಂದು ಲೋಟವನ್ನು ಬೋರಲಾಗಿ ಹಿಡಿದು ನೆಟ್ಟಗೆ ಬಕೆಟ್ಟಿನ ನೀರಿನಲ್ಲಿ ಅದುಮಿರಿ. ನೀರು ಲೋಟದ ತುಂಬ ಏರುವುದಿಲ್ಲ. ಒಳಗಿನ ಗಾಳಿ ಜಾಗ ಬಿಡುವುದಿಲ್ಲ. ಲೋಟವನ್ನು ಸ್ವಲ್ಪ ಓರೆಮಾಡಿದರೆ ಗುಳುಗುಳು ಎಂದು ಗಾಳಿ ಹೊರಬೀಳುತ್ತದೆ, ನೀರು ಒಳಹೋಗುತ್ತದೆ. ಇನ್ನು ತೂಕದ ಮಾತು. ಉದ್ದ, ಅಗಲ, ಎತ್ತರ ಮೂರೂ 10 ಅಡಿ ಇರುವ ಕೋಣೆಯಲ್ಲಿನ ಗಾಳಿಯನ್ನು ತಕ್ಕಡಿಗೆ ಹಾಕಲು ಬರುವಂತಿದ್ದರೆ ಅದು ಸುಮಾರು 30 ಕಿಲೋ ತೂಗುತ್ತಿತ್ತು. ನಮ್ಮ ತಲೆಯ ಮೇಲೆ ಅನೇಕ ಮೈಲಿಗಳ ಎತ್ತರಕ್ಕೆ ಗಾಳಿ ಇದೆ. ಅದರ ಭಾರ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ. ಅಂಗೈಯಗಲದ ಜಾಗದ ಮೇಲೆ ಹೆಚ್ಚುಕಡಮೆ ಒಂದು ಕ್ವಿಂಟಲ್ ಜೋಳದ ಭಾರ ಕುಳಿತಂತೆ. ಆದರೂ ನಾವು ಜಜ್ಜಿಹೋಗುವುದಿಲ್ಲ. ಏಕೆಂದರೆ ಗಾಳಿ ಮೇಲಿನಿಂದ ಮಾತ್ರವಲ್ಲದೆ ಕೆಳಗಿನಿಂದಲೂ ಪಕ್ಕದಿಂದಲೂ ಒಂದೇ ಸಮನಾಗಿ ಒತ್ತುತ್ತದೆ, ನಮ್ಮ ದೇಹದ ಒಳಗಿನಿಂದಲೂ ಅಷ್ಟೇ ಒತ್ತಡವಿರುತ್ತದೆ.

ಈಗ ಪಂಪಿನ ಪ್ರಶ್ನೆಗೆ ಬರೋಣ.

ಪಂಪು ನೀರನ್ನು ಎಳೆಯುತ್ತದೆ ಎಂದು ನಾವು ಹೇಳುತ್ತೇವೆ. ನಿಜವಾಗಿ ಪಂಪು ಎಳೆಯುವುದಿಲ್ಲ, ಕೊಳವೆಯೊಳಗಿನ ಒತ್ತಡವನ್ನು ತಗ್ಗಿಸುತ್ತದೆ. ಆಗ ಬಾವಿಯ ನೀರಿನ ಮೇಲೆ ಕುಳಿತ ಗಾಳಿ ತನ್ನ ಭಾರದಿಂದ ನೀರನ್ನು ಕೊಳವೆಯೊಳಕ್ಕೆ ನೂಕುತ್ತದೆ. ಗಾಳಿಯ ಶಕ್ತಿಗೆ ಒಂದು ಮಿತಿಯುಂಟು. ಇಟಲಿಯ ಗೆಲಿಲಿಯೊ 1638ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ, ಹೀರುವ ಪಂಪು ಒಂದು ಎತ್ತರವನ್ನು ಮೀರಿ ನೀರನ್ನು ಏರಿಸಲಾರದೆಂದು ಬರೆದನು. ಅವನ ಶಿಷ್ಯ ಟೊರಿಸೆಲ್ಲಿಯ 1643ರ ಪ್ರಯೋಗ ಅದರ ಕಾರಣವನ್ನು ತೋರಿಸಿತು. ಗಾಳಿಯ ಭಾರ 76 ಸೆಂಟಿಮೀಟರ್ ಎತ್ತರದ ಪಾದರಸದ ಕಂಬವನ್ನು ಎತ್ತಿ ನಿಲ್ಲಿಸಬಲ್ಲದು. ಪಾದರಸ ನೀರಿಗಿಂತ 13.6 ಪಟ್ಟು ಭಾರ. ಗುಣಿಸಿ ನೋಡಿದರೆ ನೀರಿನ ಕಂಬ ಸುಮಾರು 10.3 ಮೀಟರ್, ಅಂದರೆ 34 ಅಡಿ. ಅದಕ್ಕಿಂತ ಮೇಲಕ್ಕೆ ಎಷ್ಟು ಕುದುರೆ ಶಕ್ತಿಯ ಮೋಟಾರು ಹಾಕಿದರೂ ನೀರು ಹೀರಿ ಬರಲಾರದು.

ಇದು ಸಮುದ್ರ ತೀರದ ಲೆಕ್ಕ. ಸಮುದ್ರ ಮಟ್ಟದಿಂದ 3,000 ಅಡಿ ಎತ್ತರವಿರುವ ಬಯಲುಸೀಮೆಯಲ್ಲಿ ಗಾಳಿ ತೆಳುವಾದುದರಿಂದ ಒಂದು ಮೀಟರಿನಷ್ಟು ಕಡಮೆಯಾಗುತ್ತದೆ. ಕೊಳವೆಯ ಉಜ್ಜುವಿಕೆ, ಕೀಲುಗಳ ಸೋರಿಕೆ ಎಲ್ಲವನ್ನೂ ಕಳೆದರೆ ಪಂಪು ನೀರಿನಿಂದ 6 ಮೀಟರ್, ಅಂದರೆ 20 ಅಡಿಯೊಳಗೆ ಇರುವುದು ಒಳ್ಳೆಯದು. ಹೀರುವ ಕೊಳವೆಯಲ್ಲಿ ಕೂದಲೆಳೆಯಷ್ಟು ಸೀಳಿದ್ದರೂ ಹೊರಗಿನ ಗಾಳಿ ಅಲ್ಲಿಂದಲೇ ನುಗ್ಗಿ ನೀರನ್ನು ತಡೆಯುತ್ತದೆ. ಪಂಪು ಸುಮ್ಮನೆ ತಿರುಗಿದರೆ ಮೋಟಾರನ್ನು ಬಿಚ್ಚುವ ಮೊದಲು ಕೀಲುಗಳನ್ನೂ ಫುಟ್ ವಾಲ್ವನ್ನೂ ನೋಡಿರಿ. ಹೀರುವುದಕ್ಕೆ ಮಿತಿಯಿದ್ದರೂ ಮೇಲಕ್ಕೆ ನೂಕುವುದಕ್ಕೆ ಈ ಮಿತಿ ಇಲ್ಲ. ಆದುದರಿಂದಲೇ ಕೊಳವೆ ಬಾವಿಯಲ್ಲಿ ಪಂಪನ್ನು ನೀರಿನೊಳಗೇ ಮುಳುಗಿಸಿ ನೂರಾರು ಅಡಿ ಮೇಲಕ್ಕೆ ನೂಕಿಸುತ್ತೇವೆ.

ತೆರೆದ ಬಾವಿಯಲ್ಲಿ ನೀರು ಇಳಿದಂತೆ ಪಂಪನ್ನೂ ಕೆಳಗಿನ ಕಟ್ಟೆಗೆ ಇಳಿಸುವುದುಂಟು. ಇಲ್ಲಿಯೇ ಒಂದು ದೊಡ್ಡ ಅಪಾಯ ಕಾದಿದೆ. ಡೀಸೆಲ್ ಅಥವಾ ಪೆಟ್ರೋಲ್ ಎಂಜಿನ್ನನ್ನು ಎಂದೂ ಬಾವಿಯೊಳಗೆ ಇಳಿಸಿ ನಡೆಸಕೂಡದು. ಅದು ಉಗುಳುವ ಹೊಗೆಯಲ್ಲಿ ಇಂಗಾಲದ ಮಾನಾಕ್ಸೈಡ್ ಎಂಬ ವಿಷವಾಯು ಇದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಬಾವಿಯ ಗೋಡೆಗಳ ನಡುವೆ ಅದು ಚೆದರಿಹೋಗಲು ಜಾಗವೂ ಇಲ್ಲ. ಎಂಜಿನ್ ನಿಲ್ಲಿಸಲೆಂದು ಇಳಿದವನು ಮೇಲೆ ಬಾರದಿರಬಹುದು.

ಎರಡನೆಯ ಪ್ರಶ್ನೆ ಬಾವಿ ಮತ್ತು ಹಗೇವುಗಳದು. ಇದಕ್ಕೆ ಹೆಚ್ಚು ಹೊತ್ತು ಕೊಡಬೇಕಾಗಿದೆ.

ಬಹುಕಾಲ ಬಳಸದ ಬಾವಿಗೆ ಇಳಿದವನು ಬಿದ್ದುಹೋದರೆ ಹಿಂದಿನವರು "ಗಾಳಿ ಸೋಕಿತು" ಎನ್ನುತ್ತಿದ್ದರು. ಆ ಮಾತು ಪೂರ್ತಿ ಸುಳ್ಳಲ್ಲ. ಸೋಕಿದ್ದು ಗಾಳಿಯೇ. ಆದರೆ ಅದು ಭೂತದ ಗಾಳಿಯಲ್ಲ, ಕೆಟ್ಟ ಗಾಳಿ. ನಾವು ಉಸಿರಾಡುವ ಗಾಳಿಯ 100 ಪಾಲಿನಲ್ಲಿ 21 ಪಾಲು ಆಮ್ಲಜನಕ. ಬಾವಿಯ ತಳದಲ್ಲಿ ಎಲೆ, ಕಸ, ಕೆಸರು ಕೊಳೆಯುವಾಗ ಈ ಆಮ್ಲಜನಕ ಕರಗುತ್ತ ಹೋಗಿ ಇಂಗಾಲಾಮ್ಲ ವಾಯು, ಅಂದರೆ ಇಂದಿನ ಪಠ್ಯಪುಸ್ತಕಗಳಲ್ಲಿನ ಇಂಗಾಲದ ಡೈಆಕ್ಸೈಡ್, ಹುಟ್ಟುತ್ತದೆ. ಅದು ಗಾಳಿಗಿಂತ ಒಂದೂವರೆ ಪಟ್ಟು ಭಾರ. ಆದುದರಿಂದ ಮೇಲೇರಿ ಹೋಗದೆ ತಳದಲ್ಲಿ ಕೆರೆಯ ನೀರಿನಂತೆ ನಿಂತುಬಿಡುತ್ತದೆ. ಬಾವಿಯ ಬಾಯಿಯಲ್ಲಿ ಗಾಳಿ ಬೀಸುತ್ತಿದ್ದರೂ ತಳಕ್ಕೆ ಅದು ಮುಟ್ಟುವುದಿಲ್ಲ.

ಉತ್ತರ ಕರ್ನಾಟಕದ ಜೋಳದ ಸೀಮೆಯ ಹಗೇವಿನಲ್ಲಿ ನಡೆಯುವುದೂ ಇದೇ. ಈಗ ಹಗೇವುಗಳು ಕಡಮೆಯಾಗಿವೆ. ಆದರೂ ಅವುಗಳ ಗುಟ್ಟನ್ನು ತಿಳಿಯುವುದು ಒಳ್ಳೆಯದು. ಕಾಳಿಗೂ ಜೀವವುಂಟು, ಅದೂ ಉಸಿರಾಡುತ್ತದೆ. ಬಾಯಿ ಮುಚ್ಚಿದ ನೆಲಮಾಳಿಗೆಯಲ್ಲಿ ಕಾಳೂ ಹುಳುವೂ ಸೇರಿ ಆಮ್ಲಜನಕವನ್ನು ಮುಗಿಸುತ್ತವೆ. ಆಗ ಹುಳು ಸಾಯುತ್ತದೆ, ಕಾಳು ಉಳಿಯುತ್ತದೆ. ಹಿರಿಯರು ಮದ್ದು ಹಾಕದೆ ಜೋಳವನ್ನು ಕಾಪಾಡಿದ್ದು ಹೀಗೆ. ಆದರೆ ಹುಳುವನ್ನು ಕೊಂದ ಗಾಳಿ ಮನುಷ್ಯನೆಂದು ದಯೆ ತೋರುವುದಿಲ್ಲ.

ಕಾಣದ ವಾಯು ಹೇಗೆ ಹರಿಯುತ್ತದೆ ಎಂಬುದನ್ನು ಶಾಲೆಯ ಮಕ್ಕಳಿಗೆ ಹೀಗೆ ತೋರಿಸಬಹುದು. ಒಂದು ಚೊಂಬಿನಲ್ಲಿ ನಾಲ್ಕು ಚಮಚ ಅಡಿಗೆ ಸೋಡ ಹಾಕಿ ನಿಂಬೆರಸ ಹಿಂಡಿರಿ. ನೊರೆ ಅಡಗಿದ ಮೇಲೆ, ರಸ ಚೆಲ್ಲದಂತೆ, ಚೊಂಬನ್ನು ಉರಿಯುವ ಸಣ್ಣ ಹಣತೆಯ ಮೇಲೆ ನೀರು ಸುರಿದಂತೆ ಓರೆಮಾಡಿರಿ. ಏನೂ ಬೀಳದಂತೆ ಕಂಡರೂ ದೀಪ ಆರಿಹೋಗುತ್ತದೆ. ಚೊಂಬಿನಿಂದ ಹರಿದದ್ದು ಇಂಗಾಲಾಮ್ಲ ವಾಯು.

ಚೊಂಬಿನಲ್ಲಿ ಇದು ಆಟ. ದೊಡ್ಡ ಪ್ರಮಾಣದಲ್ಲಿ ಏನಾಗುತ್ತದೆ ಎಂಬುದಕ್ಕೆ ಆಫ್ರಿಕದ ಕ್ಯಾಮರೂನ್ ದೇಶವೇ ಸಾಕ್ಷಿ. ಅಲ್ಲಿ ಬೆಟ್ಟದ ಮೇಲೆ ನ್ಯೋಸ್ ಎಂಬ ಸರೋವರವಿದೆ. ಅದರ ಆಳದ ನೀರಿನಲ್ಲಿ ನೆಲದೊಳಗಿನಿಂದ ಬಂದ ಇಂಗಾಲಾಮ್ಲ ವಾಯು ಸೋಡಾ ಬಾಟಲಿಯಲ್ಲಿರುವಂತೆ ಕರಗಿ ಕುಳಿತಿತ್ತು. 1986ರ ಆಗಸ್ಟ್ 21ರ ರಾತ್ರಿ ಅದು ಒಮ್ಮೆಗೇ ಉಕ್ಕಿ ಹೊರಬಂದು ಹಳ್ಳಕೊಳ್ಳಗಳ ಜಾಡು ಹಿಡಿದು ಪ್ರವಾಹದಂತೆ ಕೆಳಗಿನ ಊರುಗಳಿಗೆ ಹರಿಯಿತು. ಸುಮಾರು 1,700 ಜನರೂ ಸಾವಿರಾರು ದನಕರುಗಳೂ ಸತ್ತುಹೋದರು. ಮನೆಗಳು ಬೀಳಲಿಲ್ಲ, ಬೆಂಕಿ ಹತ್ತಲಿಲ್ಲ. ತಗ್ಗಿನಲ್ಲಿದ್ದವರಿಗೆ ಉಸಿರು ಸಿಕ್ಕಲಿಲ್ಲ. 2001ರಲ್ಲಿ ಆ ಸರೋವರದ ಆಳಕ್ಕೆ ಕೊಳವೆಯಿಳಿಸಿ, ವಾಯುವನ್ನು ಸ್ವಲ್ಪ ಸ್ವಲ್ಪವಾಗಿ ಹೊರಬಿಡುವ ಏರ್ಪಾಡು ಮಾಡಿದರು.

ನಮ್ಮ ಊರಿನ ಬಾವಿ ಸಣ್ಣದು. ಆದರೆ ಅದರ ತಳದಲ್ಲಿ ನಿಂತವನಿಗೆ ನ್ಯೋಸಿನ ತಗ್ಗಿಗೂ ಇದಕ್ಕೂ ಭೇದವಿಲ್ಲ. ಇನ್ನೂ ದುಃಖದ ಸಂಗತಿಯೆಂದರೆ ಇಂಥ ಕಡೆ ಅನೇಕ ವೇಳೆ ಒಬ್ಬನೇ ಸಾಯುವುದಿಲ್ಲ. ಅಣ್ಣ ಬಿದ್ದನೆಂದು ತಮ್ಮ ಇಳಿಯುತ್ತಾನೆ, ಮಗನಿಗಾಗಿ ತಂದೆ ಇಳಿಯುತ್ತಾನೆ. ಅವರಿಗೆ ಧೈರ್ಯದ ಕೊರತೆ ಇರಲಿಲ್ಲ. ಆದರೆ ಆಮ್ಲಜನಕವೇ ಇಲ್ಲದ ಕಡೆ ಒಂದೆರಡು ಉಸಿರಿಗೆ ಎಚ್ಚರ ತಪ್ಪುತ್ತದೆ, ಕೂಗಲೂ ಹೊತ್ತಿರುವುದಿಲ್ಲ. ಬಿದ್ದವನ ಹಿಂದೆ ಬರಿಗೈಯಲ್ಲಿ ಇಳಿಯುವುದು ಅವನನ್ನು ಉಳಿಸುವ ದಾರಿಯಲ್ಲ.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ, ಇಳಿಯದೆ ಕೆಲಸ ಆಗುವುದಾದರೆ ಇಳಿಯಬೇಡಿ. ಇಳಿಯಲೇಬೇಕಾದರೆ ಹಿಂದಿನ ದಿನವೇ ಬಾಯಿ ತೆರೆದಿಡಿ. ಬ್ಲೋವರ್ ಯಂತ್ರದ ಕೊಳವೆಯನ್ನು ತಳದವರೆಗೆ ಇಳಿಸಿ ಹೊಸ ಗಾಳಿ ಊದಿಸಿರಿ. ಭಾರವಾದ ವಾಯು ತಳದಲ್ಲಿರುವುದರಿಂದ ಮೇಲೆ ಬೀಸಿದರೆ ಪ್ರಯೋಜನವಿಲ್ಲ. ಹಿಂದಿನವರು ಲಾಂದ್ರ ಇಳಿಸಿ ನೋಡುತ್ತಿದ್ದರು. ಆಮ್ಲಜನಕ 21 ಪಾಲಿನಿಂದ ಸುಮಾರು 16 ಪಾಲಿಗೆ ಇಳಿದರೆ ದೀಪ ಆರುತ್ತದೆ. ದೀಪ ಆರಿತೆಂದರೆ ಇಳಿಯಲೇಕೂಡದು. ಆದರೆ ದೀಪ ಉರಿಯಿತೆಂದ ಮಾತ್ರಕ್ಕೆ ಅಪಾಯವಿಲ್ಲವೆಂದು ತಿಳಿಯಬೇಡಿ. ಬೇರೆ ವಿಷವಾಯುಗಳನ್ನು ದೀಪ ಹೇಳುವುದಿಲ್ಲ. ಅವನ್ನು ಅಳೆಯುವ ಯಂತ್ರಗಳುಂಟು, ಅವೇ ನಂಬತಕ್ಕವು. ಇಳಿಯುವವನ ಕಂಕುಳ ಕೆಳಗೆ ಗಟ್ಟಿ ಹಗ್ಗ ಕಟ್ಟಿರಬೇಕು, ಮೇಲೆ ಇಬ್ಬರಿಗೆ ಕಡಮೆ ಇಲ್ಲದಂತೆ ಜನರಿರಬೇಕು. ಅವನು ತೂಕಡಿಸಿದರೆ ಮೇಲಿನವರು ಇಳಿಯದೆಯೇ ಎಳೆದುಕೊಳ್ಳಬಹುದು. ಹಗ್ಗವಿಲ್ಲದವನು ಬಿದ್ದಿದ್ದರೆ ತಡಮಾಡದೆ 112ಕ್ಕೆ ಕರೆ ಮಾಡಿ ಅಗ್ನಿಶಾಮಕ ದಳದವರನ್ನು ಕರೆಸಿರಿ, ಅವರು ಬರುವತನಕ ಮೇಲಿನಿಂದಲೇ ಗಾಳಿ ಊದಿಸುತ್ತಿರಿ.

ಸಗಣಿ ಗ್ಯಾಸಿನ ತೊಟ್ಟಿಗೂ ಮಲದ ಗುಂಡಿಗೂ ದೀಪದ ಪರೀಕ್ಷೆ ಸಲ್ಲದು. ಅಲ್ಲಿ ಮೀಥೇನ್ ಎಂಬ ಉರಿಯುವ ವಾಯು ಇರುವುದರಿಂದ ದೀಪವೇ ಸ್ಫೋಟಕ್ಕೆ ಕಾರಣವಾದೀತು. ಬಗ್ಗಡವನ್ನು ಕಲಕಿದಾಗ ಕೊಳೆತ ಮೊಟ್ಟೆಯ ವಾಸನೆಯ ಇನ್ನೊಂದು ವಾಯು ಏಳುತ್ತದೆ. ಅದು ಹೆಚ್ಚಾದರೆ ಮೂಗಿನ ಶಕ್ತಿಯೇ ಸತ್ತು ವಾಸನೆ ತಿಳಿಯುವುದಿಲ್ಲ. ವಾಸನೆ ಹೋಯಿತೆಂದರೆ ಅಪಾಯ ಹೋಯಿತೆಂದಲ್ಲ. ಮಲದ ಗುಂಡಿಗೆ ಜನರನ್ನು ಇಳಿಸಿ ಅಪಾಯಕರವಾಗಿ ಶುಚಿಮಾಡಿಸುವುದನ್ನು 2013ರ ಕಾನೂನು ನಿಷೇಧಿಸಿದೆ. ಯಂತ್ರದ ಗಾಡಿಯನ್ನೇ ಕರೆಸಿರಿ.

ಇನ್ನು ತಾಯಂದಿರ ಪ್ರಶ್ನೆ. ಸಿಲಿಂಡರಿನ ಗ್ಯಾಸು ಸೋರಿದರೆ ಕಿಟಕಿ ತೆರೆದರೆ ಸಾಲದೆ? ಸಾಲದು. ಈ ಗ್ಯಾಸು ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಅದು ನೆಲದ ಮೇಲೆ ಹರಡಿ, ಹೊಸಿಲು ದಾಟಿ, ಪಕ್ಕದ ಕೋಣೆಯ ತಗ್ಗಿಗೆ, ಬಚ್ಚಲಿನ ಮೋರಿಗೆ ಹರಿಯುತ್ತದೆ. ಗಾಳಿಯಲ್ಲಿ ನೂರಕ್ಕೆ 2 ಪಾಲು ಬೆರೆತರೂ ಸಾಕು, ಒಂದು ಕಿಡಿಗೆ ಸಿಡಿಯುತ್ತದೆ. ಅದಕ್ಕೆ ಸ್ವಂತ ವಾಸನೆ ಇಲ್ಲದಿರುವಷ್ಟು ಕಡಮೆ. ನಮ್ಮ ಎಚ್ಚರಿಕೆಗಾಗಿಯೇ ನಾರುವ ವಸ್ತುವೊಂದನ್ನು ಬೆರೆಸಿರುತ್ತಾರೆ. ವಾಸನೆ ಬಂದೊಡನೆ ಒಲೆ ಆರಿಸಿ, ರೆಗ್ಯುಲೇಟರನ್ನು ಮುಚ್ಚಿರಿ. ದೀಪದ ಸ್ವಿಚ್ಚನ್ನು ಹಾಕಲೂ ಬೇಡಿ, ಆರಿಸಲೂ ಬೇಡಿ. ಫ್ಯಾನು ತಿರುಗಿಸಬೇಡಿ. ಕಿಟಕಿಯ ಜೊತೆಗೆ ನೆಲದ ಮಟ್ಟದವರೆಗೆ ತೆರೆಯುವ ಬಾಗಿಲುಗಳನ್ನೆಲ್ಲ ತೆರೆದು ಹೊರಗೆ ಬನ್ನಿ. ಹೊರಗೆ ಬಂದ ಮೇಲೆ 1906 ಎಂಬ ಸಂಖ್ಯೆಗೆ ದೂರವಾಣಿ ಮಾಡಿರಿ. ಸಿಲಿಂಡರನ್ನು ಹಳ್ಳದಲ್ಲಿ ಅಥವಾ ನೆಲಮಾಳಿಗೆಯಲ್ಲಿ ಇಡಕೂಡದು.

ಹೊಗೆ ಮಾತ್ರ ಮೇಲೇರುವುದೇಕೆ? ಕಾದ ಗಾಳಿ ಹಿಗ್ಗಿ ಹಗುರವಾಗುತ್ತದೆ. ಸುತ್ತಲಿನ ತಣ್ಣನೆಯ ಗಾಳಿ ಅದನ್ನು ಮೇಲಕ್ಕೆ ತಳ್ಳುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಅಸ್ತ್ರ ಒಲೆಯ ಹೊಗೆಕೊಳವೆ ಕೆಲಸ ಮಾಡುವುದು ಈ ಬಲದಿಂದಲೇ. ಸೌದೆ ಉರಿಸುವ ಮನೆಯಲ್ಲಿ ಹೊಗೆಗೆ ಮೇಲೆ ದಾರಿಯೂ ಗಾಳಿಗೆ ಕೆಳಗೆ ದಾರಿಯೂ ಇರಬೇಕು. ಆದರೆ ಚಳಿಗೆಂದು ಅಗ್ಗಿಷ್ಟಿಕೆಯ ಕೆಂಡವನ್ನು ಕೋಣೆಯಲ್ಲಿಟ್ಟು ಬಾಗಿಲು ಮುಚ್ಚಿ ಮಲಗಬೇಡಿ. ಹೊಗೆಯಿಲ್ಲದ ಕೆಂಡದಿಂದಲೂ ಎಂಜಿನ್ನಿನ ಅದೇ ವಿಷವಾಯು ಬರುತ್ತದೆ. ಅದರ ತೂಕ ಹೆಚ್ಚುಕಡಮೆ ಗಾಳಿಯಷ್ಟೇ. ಆದುದರಿಂದ ಅದು ಮೇಲೂ ನಿಲ್ಲದೆ ಕೆಳಗೂ ನಿಲ್ಲದೆ ಕೋಣೆಯ ತುಂಬ ಬೆರೆಯುತ್ತದೆ, ಮಂಚದ ಮೇಲೆ ಮಲಗಿದವರನ್ನೂ ಬಿಡುವುದಿಲ್ಲ.

ಬಾಂಧವರೆ, ನೀರಿನ ವಿಷಯದಲ್ಲಿ ನಮಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ. ಅದು ಎಲ್ಲಿ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ನೋಡಿಯೇ ಬದು ಹಾಕುತ್ತೇವೆ, ಮನೆ ಕಟ್ಟುತ್ತೇವೆ. ಆಳ ತಿಳಿಯದ ಮಡುವಿಗೆ ಮಗುವನ್ನು ಬಿಡುವುದಿಲ್ಲ. ಕಾಣದ ಗಾಳಿಯ ವಿಷಯದಲ್ಲಿಯೂ ಅದೇ ವಿವೇಕ ಸಾಕು. ಭಾರವಾದುದು ತಗ್ಗಿನಲ್ಲಿ ನಿಲ್ಲುತ್ತದೆ, ಹಗುರವಾದುದು ಮೇಲೇರುತ್ತದೆ, ಮುಚ್ಚಿದ ಕಡೆ ಯಾವುದೂ ಹೊರಗೆ ಹೋಗುವುದಿಲ್ಲ. ಈ ಮೂರು ಮಾತುಗಳನ್ನು ಇಂದು ಸಂಜೆ ನಿಮ್ಮ ಮನೆಯವರಿಗೂ ಬಾವಿ ತೋಡುವವರಿಗೂ ತಿಳಿಸಿರಿ. ನಿಮ್ಮ ಊರಿನಲ್ಲಿ ಹಾಳು ಬಾವಿಗಳೆಷ್ಟಿವೆ ಎಂದು ಯುವಕ ಮಂಡಲದವರು ಪಟ್ಟಿ ಮಾಡಿ, ಅವುಗಳ ಬಾಯಿಗೆ ಬೇಲಿ ಅಥವಾ ಮುಚ್ಚಳ ಹಾಕಿಸಲು ಪಂಚಾಯಿತಿಯವರನ್ನು ಕೇಳಲಿ. ಶಿಬಿರದಿಂದ ನೀವು ಮನೆಗೆ ಒಯ್ಯಬೇಕಾದ ಮೊದಲ ಕೆಲಸ ಇದೇ.