ತುಂಡಾದ ತಂತಿಗೆ ಹೊಣೆ ಯಾರು?

ಇವತ್ತು ಕರೆಂಟಿನ ವಿಷಯ.

2023ರ ನವೆಂಬರ್ 19ರ ಬೆಳಗಿನ ಜಾವ, ಬೆಂಗಳೂರಿನ ಕಾಡುಗೋಡಿ ಹತ್ತಿರ ಫುಟ್‌ಪಾತ್ ಮೇಲೆ ಬಿದ್ದಿದ್ದ ತಂತಿ ತುಳಿದು ತಾಯಿ ಮತ್ತು ಒಂಬತ್ತು ತಿಂಗಳ ಮಗು ತೀರಿಕೊಂಡರು. ಬೆಸ್ಕಾಂ ಸಿಬ್ಬಂದಿ ಅಮಾನತಾದರು, ಬಂಧನವೂ ಆಯಿತು. ಸುದ್ದಿ ಓದಿದ ನಾವು ‘ಸದ್ಯ, ಕ್ರಮ ಆಯ್ತಲ್ಲ’ ಅಂದುಕೊಂಡ್ವಿ. ಆದರೆ ಅಮಾನತು ಬೇರೆ, ಹೊಣೆ ಬೇರೆ.

ಒಬ್ಬ ನೌಕರನಿಗೆ ಜೈಲು ಆಗಬೇಕಾದರೆ ಅವನದೇ ನಿರ್ಲಕ್ಷ್ಯ ಅಂತ ಸಾಬೀತಾಗಬೇಕು. ಪರಿಹಾರಕ್ಕೆ ಅದು ಬೇಕಿಲ್ಲ. ಮಧ್ಯಪ್ರದೇಶದಲ್ಲಿ 1997ರಲ್ಲಿ ಒಬ್ಬರು ರಾತ್ರಿ ಸೈಕಲ್‌ನಲ್ಲಿ ಮನೆಗೆ ಹೋಗ್ತಿದ್ರು. ಮಳೆನೀರು ನಿಂತ ರಸ್ತೆ, ಅದರಲ್ಲಿ ತಂತಿ. ಪ್ರಾಣ ಹೋಯಿತು. ವಿದ್ಯುತ್ ಮಂಡಳಿ ಏನಂತು ಗೊತ್ತಾ? ಯಾರೋ ಕೊಕ್ಕೆ ಹಾಕಿ ಕರೆಂಟ್ ಕದ್ದ, ನಮ್ಮ ತಪ್ಪೇನಿದೆ ಅಂತು. 2002ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಇಷ್ಟು ಅಪಾಯದ ವಸ್ತುವನ್ನು ಸರಬರಾಜು ಮಾಡುವವರು ಅದು ಹೊರಗೆ ಹರಿಯದಂತೆ ನೋಡಿಕೊಳ್ಳಬೇಕು. ಕಳ್ಳನ ಹೆಸರು ಹೇಳಿ ತಪ್ಪಿಸಿಕೊಳ್ಳೋಕಾಗಲ್ಲ ಅಂತ ಹೇಳಿತು.

ಅಂದ್ರೆ ಲೈನ್‌ಮ್ಯಾನ್ ಎಲ್ಲಿ ಎಡವಿದ ಅಂತ ಸತ್ತವರ ಮನೆಯವರು ಹುಡುಕಿಕೊಂಡು ಅಲೆಯಬೇಕಿಲ್ಲ. ಆದರೂ ನಮ್ಮೂರುಗಳಲ್ಲಿ ಮೊದಲು ಕೇಳೋದೇ ‘ನೋಡಿಕೊಂಡು ನಡೀಬಾರದಿತ್ತಾ’ ಅಂತ. ದುಃಖದಲ್ಲಿರೋರು ಅದನ್ನೇ ನಂಬಿ, ಕೈಗೆ ಬಂದ ಚೆಕ್ ತಗೊಂಡು ಸುಮ್ಮನಾಗ್ತಾರೆ. ಸಿವಿಲ್ ದಾವೆ ಹೂಡೋಕೆ ಸಾವಿನ ದಿನದಿಂದ ಎರಡೇ ವರ್ಷ ಗಡುವು. ಎಫ್‌ಐಆರ್, ಮರಣೋತ್ತರ ಪರೀಕ್ಷೆ ವರದಿ, ವಿದ್ಯುತ್ ಪರಿವೀಕ್ಷಕರ ವರದಿ, ಇವುಗಳ ಪ್ರತಿ ಮೊದಲೇ ಕೇಳಿ ಇಟ್ಟುಕೊಳ್ಳಿ.

ಕಾಮರ್ಸ್ ಓದಿದವನಾಗಿ ನನಗೊಂದು ಕಿರಿಕಿರಿ ಇದೆ. ಪರಿಹಾರ ಅನ್ನೋದು ಕಂಪನಿಯ ಲೆಕ್ಕದಲ್ಲಿ ಇನ್ನೊಂದು ಖರ್ಚು, ಅಷ್ಟೇ. ಹಳೇ ತಂತಿ ಬದಲಿಸೋದಕ್ಕಿಂತ ಅದು ಅಗ್ಗವಾಗಿರೋವರೆಗೂ ಯಾರಿಗೆ ಅವಸರ? ಹಾಗಾಗಿ ಅಪಘಾತಕ್ಕೆ ಮುಂಚೆ ಕೊಟ್ಟ ದೂರು ನನ್ನ ಪ್ರಕಾರ ತುಂಬಾ ಮುಖ್ಯ. ‘ನಮಗೆ ಗೊತ್ತೇ ಇರಲಿಲ್ಲ’ ಅನ್ನೋ ಮಾತಿಗೆ ಆಮೇಲೆ ಜಾಗ ಇರಲ್ಲ.

ನಮ್ಮ ಬೀದಿಯ ತಿರುವಿನಲ್ಲಿ ಒಂದು ಕರೆಂಟ್ ಬಾಕ್ಸ್ ಇದೆ, ಬಾಗಿಲೇ ಇಲ್ಲ. ಪಕ್ಕದಲ್ಲೇ ಮಕ್ಕಳು ಸ್ಕೂಲ್ ವ್ಯಾನಿಗೆ ಕಾಯ್ತಾರೆ. ದೂರು ಕೊಟ್ಟೆ. ಎರಡು ದಿನಕ್ಕೆ ‘ಪರಿಹರಿಸಲಾಗಿದೆ’ ಅಂತ ಮೆಸೇಜ್ ಬಂತು. ಹೋಗಿ ನೋಡಿದ್ರೆ ಬಾಗಿಲಿನ ಜಾಗಕ್ಕೆ ಒಂದು ಪ್ಲಾಸ್ಟಿಕ್ ಚೀಲ ಕಟ್ಟಿದ್ದಾರೆ. ಫೋಟೋ ತೆಗೆದು, ಆ ಮೆಸೇಜ್ ಜೊತೆ ಇಟ್ಟು, ಇವತ್ತು ಬೆಳಿಗ್ಗೆ ಪೋಸ್ಟಲ್ಲಿ ಮತ್ತೆ ಕಳಿಸಿದ್ದೀನಿ.