ಗುಳಿಗೆಯ ದಾರಿ: ಇಲಿಯಿಂದ ಮನುಷ್ಯನವರೆಗೆ

(ಸಂಘದ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ನಾನು ಡಾಕ್ಟರನಲ್ಲ, ಗಿರಣಿಯಲ್ಲಿ ಮಾಲಿನ ಲೆಕ್ಕ ಬರೆಯುವ ಗುಮಾಸ್ತ, ಮೆಟ್ರಿಕ್‌ವರೆಗೆ ಓದಿದವನು. ಓದಿ ತಿಳಿದ ಒಂದು ಲೆಕ್ಕವನ್ನೇ ಇಂದು ತಮ್ಮ ಮುಂದೆ ಇಡುತ್ತೇನೆ. ನಾವು ನುಂಗುವ ಗುಳಿಗೆಯಲ್ಲಿ ಎಷ್ಟು ಭಾಗ ರಕ್ತಕ್ಕೆ ಸೇರುತ್ತದೆ ಎಂಬುದನ್ನು ಮೊದಲು ಪ್ರಾಣಿಗಳಲ್ಲಿ ನೋಡುತ್ತಾರೆ. ಆ ಲೆಕ್ಕವನ್ನು ಎಲ್ಲಿಯವರೆಗೆ ನಂಬಬಹುದು?

ಗುಳಿಗೆ ಹೊಟ್ಟೆಗೆ ಇಳಿದ ಮಾತ್ರಕ್ಕೆ ಔಷಧಿ ಮೈಗೆ ಹತ್ತಿತೆಂದಲ್ಲ. ಹಿಂದೆ ಊರಿಗೆ ಬರುವ ಗಾಡಿ ಜಕಾತಿ ನಾಕೆಗಳನ್ನು ದಾಟುತ್ತಿದ್ದಂತೆ ಅದೂ ಮೂರು ನಾಕೆ ದಾಟಬೇಕು. ಮೊದಲನೆಯದು ಜಠರದ ಆಮ್ಲ, ಎರಡನೆಯದು ಕರುಳಿನ ಗೋಡೆ, ಮೂರನೆಯದು ಯಕೃತ್ತು. ನೂರು ಮಿಲಿಗ್ರಾಂ ನುಂಗಿದೆವೆನ್ನಿ. ಕರುಳು ತೊಂಬತ್ತನ್ನು ಹೀರಿಕೊಂಡರೂ ಕರುಳಿನ ಗೋಡೆ, ಯಕೃತ್ತು ಎರಡೂ ಸೇರಿ ಅರವತ್ತನ್ನು ಒಡೆದುಹಾಕಿದರೆ ನಮ್ಮ ಪಾಲಿಗೆ ಉಳಿದದ್ದು ಮೂವತ್ತೇ. ಕರುಳು ಹೀರಿದ್ದು ಒಂದು ಲೆಕ್ಕ, ರಕ್ತಕ್ಕೆ ಜಮೆಯಾದದ್ದು ಇನ್ನೊಂದು ಲೆಕ್ಕ. ಈ ಭೇದವನ್ನು ತಾವು ನೆನಪಿನಲ್ಲಿಡಬೇಕು.

ಇದಕ್ಕೆ ಉದಾಹರಣೆ ನಮ್ಮ ಪುಣೆಯ ಮಗ್ಗುಲಲ್ಲೇ ಇದೆ. ಪಿಂಪರಿಯ ಹಿಂದುಸ್ತಾನ್ ಆಂಟಿಬಯೊಟಿಕ್ಸ್ ಕಾರಖಾನೆ 1954ರಲ್ಲಿ ಸ್ಥಾಪನೆಯಾಗಿ 1955ರಲ್ಲಿ ಪೆನಿಸಿಲಿನ್ ತಯಾರಿಸತೊಡಗಿತು. ಪೆನಿಸಿಲಿನ್ ಜಿ ಎಂಬ ಬಗೆಯನ್ನು ನುಂಗಿದರೆ ಬಹುಪಾಲು ಮೊದಲ ನಾಕೆಯಲ್ಲೇ, ಆಮ್ಲದಲ್ಲೇ ಹಾಳಾಗುತ್ತದೆ. ಅದಕ್ಕಾಗಿಯೇ ಸೂಜಿಮದ್ದು. ಆಮ್ಲವನ್ನು ತಾಳುವ ಪೆನಿಸಿಲಿನ್ ವಿ ಬಂದ ಮೇಲೆ ಗುಳಿಗೆ ಸಾಧ್ಯವಾಯಿತು.

ಅದೇ ಕಾರಖಾನೆಯ ಸಂಶೋಧನಾಲಯದಲ್ಲಿ, ಹಿಂದೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಶಿಲೀಂಧ್ರಗಳನ್ನು ಅಭ್ಯಾಸ ಮಾಡಿದ್ದ ಎಂ. ಜೆ. ತಿರುಮಲಾಚಾರ್ ಮತ್ತು ಸಂಗಡಿಗರು 1960ರ ದಶಕದ ಆರಂಭದಲ್ಲಿ ಹ್ಯಾಮೈಸಿನ್ ಎಂಬ ಬೂಷ್ಟುನಾಶಕ ಔಷಧಿಯನ್ನು ಕಂಡುಹಿಡಿದರು. ಅದನ್ನು ಕೊಡುವ ಜೀವಾಣುವಿಗೆ ಪಿಂಪರಿಯದೇ ಹೆಸರು: ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನ. ಈ ಜಾತಿಯ ಔಷಧಿಗಳು ಕರುಳಿನ ಗೋಡೆ ದಾಟುವುದು ಬಹಳ ಕಷ್ಟ. ಹ್ಯಾಮೈಸಿನ್ನನ್ನು ಬಾಯಿಂದ ಕೊಟ್ಟು ರೋಗ ತಗುಲಿದ ಇಲಿಗಳಲ್ಲಿ ಪರೀಕ್ಷಿಸಿದಾಗ ಆಸೆ ಮೂಡಿತು. ಆದರೂ ಮನುಷ್ಯರಲ್ಲಿ ಅದು ಹೆಚ್ಚಾಗಿ ಹಚ್ಚುವ ಮದ್ದಾಗಿಯೇ ಉಳಿಯಿತು. ಇಲಿ ದಾರಿ ತೋರಿಸಬಹುದು. ಊರು ಮುಟ್ಟಿಸುತ್ತದೆಂಬ ಭರವಸೆಯಿಲ್ಲ.

ಏಕೆ ಹೀಗೆ? ಇಲಿಗೆ ಪಿತ್ತಕೋಶವಿಲ್ಲ, ಅದು ವಾಂತಿ ಮಾಡಲಾರದು. ನಾಯಿಯ ಸಣ್ಣಕರುಳು ನಮ್ಮದಕ್ಕಿಂತ ಗಿಡ್ಡ. ಆದರೂ 1998ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 64 ಔಷಧಿಗಳನ್ನು ಹೋಲಿಸಿದಾಗ, ಇಲಿಯ ಕರುಳು ಹೀರಿದ ಪ್ರಮಾಣವೂ ಮನುಷ್ಯನದೂ ಬಹಳಮಟ್ಟಿಗೆ ತಾಳೆಯಾದವು. ಕರುಳು ಹೀರುವ ಲೆಕ್ಕದ ಮಟ್ಟಿಗೆ ಇಲಿ ಒಳ್ಳೆಯ ಸಾಕ್ಷಿಯೇ. ಆದರೆ ರಕ್ತಕ್ಕೆ ಜಮೆಯಾದ ಲೆಕ್ಕವನ್ನು 2014ರಲ್ಲಿ 184 ಔಷಧಿಗಳ ಮೇಲೆ ನೋಡಿದಾಗ ಪ್ರಾಣಿಗಳಿಗೂ ಮನುಷ್ಯನಿಗೂ ನಂಟು ದುರ್ಬಲವೆಂದು ಕಂಡಿತು. ನಮಗೆ ಹತ್ತಿರದ ನೆಂಟನಾದ ಮಂಗವೂ ಮೋಸಹೋಗಿಸುತ್ತದೆ. ಮಿಡಾಜೊಲಾಮ್ ಎಂಬ ನಿದ್ರೆಯ ಔಷಧಿ ಬಾಯಿಂದ ಕೊಟ್ಟಾಗ ಮನುಷ್ಯನಲ್ಲಿ ಸುಮಾರು ಮೂರನೆಯ ಒಂದು ಪಾಲು ರಕ್ತಕ್ಕೆ ಸೇರುತ್ತದೆ. ಪ್ರಯೋಗಾಲಯದ ಮಂಗನಲ್ಲಿ ತೀರ ಅಲ್ಪ. ಕರುಳು, ಯಕೃತ್ತುಗಳು ಔಷಧಿಯನ್ನು ಒಡೆಯುವ ರೀತಿ ಪ್ರಾಣಿಯಿಂದ ಪ್ರಾಣಿಗೆ ಬೇರೆ.

ಆದ್ದರಿಂದ ವಿಜ್ಞಾನಿಗಳು ಪ್ರಾಣಿಯ ಅಂಕೆಯನ್ನು ನೇರವಾಗಿ ಮನುಷ್ಯನ ಲೆಕ್ಕಕ್ಕೆ ಎತ್ತಿ ಬರೆಯುವುದಿಲ್ಲ. ಅಮೆರಿಕದ ಔಷಧಿ ಇಲಾಖೆ 2005ರಲ್ಲಿ ಕೊಟ್ಟ ಕ್ರಮ ಹೀಗಿದೆ: ಇಲಿಗೆ ಕಿಲೋ ಮೈತೂಕಕ್ಕೆ 62 ಮಿಲಿಗ್ರಾಂ ಅಪಾಯವಿಲ್ಲದೆ ನಡೆದಿತೆನ್ನಿ. ಅದನ್ನು 6.2ರಿಂದ ಭಾಗಿಸಿದರೆ 10. ಸುರಕ್ಷಿತತೆಗಾಗಿ ಸಾಮಾನ್ಯವಾಗಿ ಅದರ ಹತ್ತನೆಯ ಒಂದು ಪಾಲು ಹಿಡಿದರೆ ಒಂದು ಮಿಲಿಗ್ರಾಂ. ಅರವತ್ತು ಕಿಲೋ ತೂಗುವ ಮನುಷ್ಯನಿಗೆ ಮೊದಲ ಸಲ ಕೊಡುವುದು ಅರವತ್ತು ಮಿಲಿಗ್ರಾಂ ಮೀರಬಾರದು. ಆಮೇಲೆ ರಕ್ತ ತೆಗೆದು ಅಳೆಯುತ್ತ ಮೆಲ್ಲಮೆಲ್ಲಗೆ ಏರಿಸುತ್ತಾರೆ. ಪ್ರಾಣಿಗಳಿಗೆ ಬದಲಾಗಿ ಮನುಷ್ಯನ ಜೀವಕೋಶಗಳ ಮೇಲೂ ಕಂಪ್ಯೂಟರ್ ಲೆಕ್ಕದಿಂದಲೂ ಪರೀಕ್ಷಿಸುವುದಕ್ಕೆ ನಮ್ಮ ದೇಶದ ನಿಯಮಗಳು 2023ರಲ್ಲಿ ಎಡೆಗೊಟ್ಟವು.

ಬಂಧುಗಳೇ, ಇಷ್ಟೆಲ್ಲ ಹೇಳಿದ್ದಕ್ಕೆ ಒಂದು ಕಾರಣವಿದೆ. ಇಲಿ, ನಾಯಿ ಮುಗಿದ ಮೇಲೆ ಉಳಿದ ಪ್ರಶ್ನೆಗೆ ಉತ್ತರ ಕೊಡಬೇಕಾದವನು ಮನುಷ್ಯನೇ. ಅವನು ಯಾರು? ಅನೇಕ ವೇಳೆ ಹಣಕ್ಕಾಗಿ ಒಪ್ಪಿಕೊಂಡು ಬರುವ ಆರೋಗ್ಯವಂತ ದುಡಿಮೆಗಾರ. ಊರು ಬಿಟ್ಟು ಬಂದ ನಮ್ಮವರಿಗೂ ಇಂಥ ಕರೆ ಬರಬಹುದು. ಹೋಗಬೇಡಿರೆಂದು ನಾನು ಹೇಳುವುದಿಲ್ಲ. ಯಾರೋ ಹಾಗೆ ಒಪ್ಪಿದ್ದರಿಂದಲೇ ನಮ್ಮ ಮಕ್ಕಳಿಗೆ ಗುಳಿಗೆ ಸಿಕ್ಕಿದೆ. ಆದರೆ "ಪ್ರಾಣಿಗಳಲ್ಲಿ ನೋಡಿಯಾಗಿದೆ, ಏನೂ ಆಗುವುದಿಲ್ಲ" ಎಂಬ ಮಾತೊಂದನ್ನೇ ನಂಬಿ ಸಹಿ ಹಾಕಬೇಡಿ. ಆ ಮಾತಿನ ಬೆಲೆ ಎಷ್ಟೆಂಬುದು ಈಗ ತಮಗೆ ಗೊತ್ತು.

2019ರ ನಿಯಮಗಳ ಪ್ರಕಾರ ತಿಳಿಯುವ ಭಾಷೆಯಲ್ಲಿ ವಿವರಿಸಿ ಲಿಖಿತ ಒಪ್ಪಿಗೆ ಪಡೆಯಬೇಕು. ಅದರ ಪ್ರತಿ ತಮಗೆ ಕೊಡಬೇಕು. ಬೇಡವೆನಿಸಿದಾಗ ಹೊರಬರುವ ಹಕ್ಕಿದೆ. ಪರೀಕ್ಷೆಯಿಂದ ಹಾನಿಯಾದರೆ ಉಚಿತ ಚಿಕಿತ್ಸೆ, ಪರಿಹಾರಗಳೂ ಉಂಟು. ಆದ್ದರಿಂದ ಮೂರು ಪ್ರಶ್ನೆ ಕೇಳಿರಿ: ಈ ಔಷಧಿ ಇದಕ್ಕೆ ಮೊದಲು ಮನುಷ್ಯರಿಗೆ ಕೊಟ್ಟದ್ದೇ? ಕೊಟ್ಟಿದ್ದರೆ ಏನಾಯಿತು? ನನಗೇನಾದರೂ ಆದರೆ ನೋಡಿಕೊಳ್ಳುವವರು ಯಾರು?

ಕಾಗದ ಇಂಗ್ಲಿಷಿನಲ್ಲೋ ಮರಾಠಿಯಲ್ಲೋ ಇದ್ದು ತೊಡಕೆನಿಸಿದರೆ ಸಹಿಗೆ ಮುಂಚೆ ಅದನ್ನು ಈ ವಾಚನಾಲಯಕ್ಕೆ ತನ್ನಿರಿ. ಇಲ್ಲಿ ಓದಬಲ್ಲವರಿದ್ದಾರೆ, ಕುಳಿತು ಕನ್ನಡದಲ್ಲಿ ಬಿಡಿಸಿ ಹೇಳುತ್ತೇವೆ. ಇದಕ್ಕೆ ಚಂದಾ ಇಲ್ಲ.